ಕಾಲಿಗೆ ದೋಣಿ

ಹದಿನೇಳು ವರ್ಷ ಹಿಮದಲ್ಲಿ ಕಾವಲಿದ್ದ ಶಾಬಾ
ಕಡವಾಡಕ್ಕೆ ಬಂದು ಮಾಡಿದ ಮೊದಲ ಕೆಲಸ:
ಒಡೆದ ದೋಣಿಯ ಹಲಸಿನ ಹಲಗೆ ಸೀಳಿ
ತುದಿಯನ್ನು ಹಂಡೆಯ ಹಬೆಗೆ ಹಿಡಿದು
ಮೂಗಿನಂತೆ ಮೇಲಕ್ಕೆ ಬಗ್ಗಿಸಿ
ಸೈಕಲ್ ಟ್ಯೂಬಿನ ಪಟ್ಟಿ ಹೊಡೆದು
ನಾಲ್ಕು ಸ್ಕೀ.
ಊರಿಕೊಳ್ಳಲು ಬಿದಿರು. ಬಿದಿರು ಹೂತುಹೋಗದಿರಲೆಂದು
ತಳಕ್ಕೊಂದೊಂದು ತೆಂಗಿನ ಗರಟೆ.

"ಹಿಮ ಎಲ್ಲಿದೆಯೋ?" ಅಂದೆ.
ಗದ್ದ ಎತ್ತಿ ಕಾಳಿ ನದಿ ತೋರಿಸಿದ.

ಅಮಾವಾಸ್ಯೆಯ ಮರುದಿನ, ನನ್ನ ವಾರದ ರಜೆ.
ಬೆಳಗಿನ ಇಳಿತಕ್ಕೆ ನೀರೆಲ್ಲ ಹಿಂದೆ ಸರಿದು
ಕಾಂಡ್ಲಾ ಬೇರುಗಳಾಚೆ
ಎಮ್ಮೆಯ ಬೆನ್ನಿನ ಹಾಗೆ ಕೆಸರು, ಮೈಲಿಗಟ್ಟಲೆ.
ಮುಂದೆ ಶಾಬಾ, ಹಿಂದೆ ನಾನು,
ಇಬ್ಬರಿಗೂ ಮುಂದೆ ಸುಂಗಟ
(ಬಾಲ ಸಿಗಡಿಯಂತೆ ಸುತ್ತಿದ್ದಕ್ಕೆ ಆ ಹೆಸರು)
ಹಲಗೆ ಗಿಲಗೆ ಏನೂ ಇಲ್ಲದೆ, ನಾಲ್ಕೇ ಕಾಲಿನಲ್ಲಿ.

ಕದ್ರಾ ತಿರುವಿನಲ್ಲಿ ಕಂಬ ಹಿಡಿಯದೆ
ಇಪ್ಪತ್ತೆರಡು ವರ್ಷ ಚಿಲ್ಲರೆ ಎಣಿಸಿದ ಕಂಡಕ್ಟರ್ ನಾನು.
ಮೂರನೆಯ ಹೆಜ್ಜೆಗೆ ಬಿದ್ದೆ.
ಏಳನೆಯದಕ್ಕೆ ಮತ್ತೆ.
ಸುಂಗಟ ಬಂದು ಕಿವಿಯ ಕೆಸರು ನೆಕ್ಕಿ
ಕಣ್ಣುಬ್ಬಿದ ಜಿಗಿಯುವ ಮೀನಿನ ಹಿಂದೆ ಓಡಿತು.

"ಎತ್ತಬೇಡ ಮಾರಾಯ, ಎತ್ತಿದರೆ ಅದು ನಡಿಗೆ.
ಒಂದು ಕಾಲನ್ನು ನಂಬು,
ಇನ್ನೊಂದನ್ನು ಕಳಿಸು."

ಬೆಳಚು ಹೆಕ್ಕುವ ಹೆಂಗಸರು ಸೊಂಟ ನೆಟ್ಟಗೆ ಮಾಡಿ ನಿಂತರು.
"ಇದೆಂತದ್ರಾ, ಕಾಲಿಗೆ ದೋಣಿ ಕಟ್ಕಂಡೀರಿ?"
ನಗು ನಮಗಿಂತ ಮೊದಲು ಕುರ್ವೆ ಮುಟ್ಟಿತು.

ಆಮೇಲೆ ಯಾವಾಗಲೋ, ಹೇಗೋ,
ಸರ್ರ್... ಎಂದಿತು ಒಂದು ಹಲಗೆ,
ಸರ್ರ್... ಇನ್ನೊಂದು.
ಮಾತು ನಿಂತಿತು. ಗರಟೆ ಕಚ್ಚಿ ಬಿಡುವ ಪಚಕ್ ಸದ್ದು,
ನಾಯಿಯ ಏದುಸಿರು,
ದೂರದ ಸೇತುವೆಯ ಮೇಲೆ ನಾನಿಲ್ಲದ ಬಸ್ಸು.

ಹತ್ತರ ಹೊತ್ತಿಗೆ ಭರತಿ ಬಂತು.
ಕುರ್ವೆಯ ಒಂಟಿ ತೆಂಗಿನ ಬುಡದಲ್ಲಿ ಸಿಕ್ಕಿಕೊಂಡೆವು,
ಸುತ್ತಲೂ ನೀರು, ಮಧ್ಯೆ ನಮ್ಮ ಗಂಜಿ ಡಬ್ಬಿ,
ಸುಟ್ಟ ಒಣ ಬಂಗಡೆ. ತಲೆ ಸುಂಗಟನಿಗೆ.
ನಾವು ಬರೆದ ಜೋಡಿ ಗೆರೆಗಳನ್ನು
ನೀರು ಒಂದೊಂದೇ ಗೇಣು ಒರೆಸುತ್ತ ಬಂತು.
ಶಾಬಾ ಅದನ್ನೇ ನೋಡುತ್ತಿದ್ದ.

"ಅಲ್ಲಿ ಗೆರೆ ಉಳಿಯುತ್ತದೆ," ಅಂದ. "ಎಷ್ಟೋ ದಿನ.
ಹೋದವನು ಬಂದಿದ್ದಾನಾ ಇಲ್ಲವಾ,
ಬೆಳಿಗ್ಗೆ ಎದ್ದು ಗೆರೆ ಎಣಿಸುತ್ತಿದ್ದೆವು.
ಹೋಗಿದ್ದು ಎರಡು, ಬಂದಿದ್ದು ಎರಡು ಇರಬೇಕು."
ಬಂಗಡೆಯ ಮುಳ್ಳು ತೆಗೆಯುತ್ತ ಕೂತ, ಬಹಳ ಹೊತ್ತು.
ನಾನು ಲೆಕ್ಕ ಕೇಳಲಿಲ್ಲ.
"ಮತ್ತೆ ಹಿಮಕ್ಕೆ ವಾಸನೆಯೇ ಇಲ್ಲ, ಗೊತ್ತುಂಟಾ?
ಮೂಗು ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಬೇಕು."
ಅಂಗೈ ತುಂಬ ಕೆಸರೆತ್ತಿ ಮೂಸಿದ,
ಹಬ್ಬದ ಪಾಯಸ ಮೂಸಿದ ಹಾಗೆ.

ಸಂಜೆಯ ಇಳಿತ.
ಬೆಳಗಿನ ಹೆಂಗಸರು ಮತ್ತೆ ಬಂದಿದ್ದರು.
ತುಳಸು ಅಂಬಿಗ ಈ ಸಲ ನಗಲಿಲ್ಲ.
ಹಲಗೆಯ ಬಗ್ಗಿದ ಮೂಗನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ
ತಲೆಯ ಬುಟ್ಟಿ ಇಳಿಸಿ ಕೇಳಿದಳು:
"ಇದರ ಮೇಲೆ ಬೆಳಚು ಜಾರ್ತದಾ?"

ಜಾರಿತು.
ಎರಡು ಹಲಗೆಗೊಂದು ಬುಟ್ಟಿ, ಒಂದು ಹಗ್ಗ,
ಎಳೆದಳು, ನಿದ್ದೆಯ ಮಗುವಿನ ಕೈ ಬಿಡಿಸಿದಷ್ಟು ಹಗುರಾಗಿ.
ಉಳಿದ ಎರಡನ್ನು ಅವಳ ಓರಗಿತ್ತಿ ಕೇಳದೆಯೇ ಒಯ್ದಳು;
ಅದರ ಬುಟ್ಟಿಯ ಪಕ್ಕ ಸುಂಗಟ ಹತ್ತಿ ಕೂತಿತು,
ಟಿಕೆಟ್ಟಿಲ್ಲದೆ.

ಹಿಂದಿನಿಂದ ನಾವಿಬ್ಬರು, ಮೊಣಕಾಲಿನವರೆಗೆ ಕೆಸರು,
ಒಂದು ಕಾಲು ಕಿತ್ತರೆ ಇನ್ನೊಂದು ಮುಳುಗುತ್ತ.
"ಹೋಯ್ತಲ್ಲೋ ನಿನ್ನ ಸ್ಕೀ," ಅಂದೆ.
ಶಾಬಾ ನಗುತ್ತಿದ್ದ. ಬಿದ್ದ. ಬಿದ್ದಲ್ಲೇ ಕೂತು ನಕ್ಕ.

ಮರುದಿನ ಆರೂಕಾಲಿನ ಬಸ್ಸಿಗೆ
ಉಗುರಲ್ಲಿನ್ನೂ ಕಪ್ಪು.
"ರೈಟ್" ಅಂದೆ.
ಬಸ್ಸು ಹೊರಡುವ ಮೊದಲೇ
ಎಡಗಾಲನ್ನು ನಂಬಿ ಬಲಗಾಲು
ಒಂದು ಗೇಣು ಮುಂದೆ ಹೋಗಿತ್ತು.